ನಂಬಿಕೆಯೇ ಸಾಕಾದರೆ ಆಜ್ಞೆಗಳನ್ನು ಪಾಲಿಸುವುದೇಕೆ?

ನಿಮ್ಮ ಪ್ರಶ್ನೆ ಇಷ್ಟು: ಧರ್ಮಶಾಸ್ತ್ರದ (ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ನಿಯಮಗಳ) ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯ ದೇವರ ಮುಂದೆ ನೀತಿವಂತನಾಗುತ್ತಾನೆ ಎಂದು ಬೈಬಲಿನಲ್ಲಿ ಅಪೊಸ್ತಲ ಪೌಲ ಬರೆಯುತ್ತಾನೆ (ರೋಮಾಪುರದವರಿಗೆ 3:28). ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎಂದು ಯಾಕೋಬ ತನ್ನ ಪತ್ರಿಕೆಯಲ್ಲಿ ಬರೆಯುತ್ತಾನೆ (2:24). ಯಾರ ಮಾತು ಹಿಡಿಯಬೇಕು? ಜೊತೆಗೆ, ಶನಿವಾರವನ್ನೇ ಸಬ್ಬತ್ ದಿನವಾಗಿ (ಆಜ್ಞೆಯಲ್ಲಿ ಹೇಳಿದ ವಿಶ್ರಾಂತಿಯ ದಿನವಾಗಿ) ಆಚರಿಸುವ ನಿಮ್ಮ ಸಹೋದ್ಯೋಗಿ, ಭಾನುವಾರ ಚರ್ಚಿಗೆ ಹೋಗುವವರೆಲ್ಲ ಆಜ್ಞೆ ಮೀರಿದವರು ಎನ್ನುತ್ತಾರೆ. ಅದು ಸರಿಯೇ?

ನಾನು ಮಂಗಳೂರಿನ ಕಡೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯಲ್ಲಿ ಬೆಳೆದವಳು. ಅಕ್ಕಪಕ್ಕದ ಮನೆಗಳೆಲ್ಲ ಕಥೋಲಿಕರವು. ಹಾಗಾಗಿ ಈ ವಾದ ನನಗೆ ಸಂಡೇ ಸ್ಕೂಲಿನಿಂದಲೂ ಗೊತ್ತು. "ಎರಡೂ ನಿಜ" ಅಂತ ಹೇಳಿ ಬಹಳ ವರ್ಷ ಜಾರಿಕೊಂಡಿದ್ದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯವನ್ನು ನಿಧಾನವಾಗಿ ಓದಿದ ಮೇಲೆ ತಿಳಿಯಿತು, ಅಲ್ಲಿ ಈ ಮಾತು ಬರುವುದೇ ಒಂದು ಊಟದ ಜಗಳದ ಬೆನ್ನಿಗೆ.

ಅಂತಿಯೋಕ್ಯ ಎಂಬ ಊರಿನಲ್ಲಿ ಯೇಸುವಿನ ಶಿಷ್ಯ ಪೇತ್ರ, ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯಿಂದ ಕೆಲವರು ಬಂದರು. ಪೇತ್ರ ಹೆದರಿ ಆ ಪಂಕ್ತಿಯಿಂದ ಹಿಂದೆ ಸರಿದ. ಉಳಿದ ಯೆಹೂದ್ಯರೂ ಸರಿದರು, ಪೌಲನ ಜೊತೆಗಾರ ಬಾರ್ನಬನೂ ಸರಿದ. ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಅದಕ್ಕೆ ಅಂಟಿಕೊಂಡೇ ಬರುತ್ತದೆ ನಂಬಿಕೆಯಿಂದ ನೀತಿವಂತರಾಗುವ ಮಾತು (2:16). ಪೇತ್ರ ಮಾಡಿದ್ದಕ್ಕೆ ಕನ್ನಡದಲ್ಲಿ ವಿವರಣೆಯೇ ಬೇಡ, ಪಂಕ್ತಿಭೇದ ಎಂದರೆ ಸಾಕು. ಅಲ್ಲಿ ಪೌಲ ಹೇಳುವ "ಧರ್ಮಶಾಸ್ತ್ರದ ಕ್ರಿಯೆಗಳು" ಎಂದರೆ ಮೊದಲಿಗೆ ಸುನ್ನತಿ, ಊಟದ ನೇಮ, ದಿನಗಳ ಆಚರಣೆ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ತೋರಿಸುವ ಗುರುತುಗಳು. ಪೌಲನ ಕುರಿತ ಇ.ಪಿ. ಸ್ಯಾಂಡರ್ಸ್ ಅವರ 1977ರ ಅಧ್ಯಯನದ ನಂತರ ಜೇಮ್ಸ್ ಡನ್ ಮೊದಲಾದ ವಿದ್ವಾಂಸರು ಹೀಗೆ ಓದಿದ್ದಾರೆ. ಪೌಲ ತಳ್ಳಿಹಾಕುವುದು ಮನುಷ್ಯನ ಎಲ್ಲ ಗಳಿಕೆಯನ್ನೂ ಎನ್ನುವುದು ಲೂಥರನ್ ಪರಂಪರೆಯ (ಸುಧಾರಕ ಮಾರ್ಟಿನ್ ಲೂಥರರ ಹಾದಿಯ ಪ್ರೊಟೆಸ್ಟಂಟರ) ಆಕ್ಷೇಪ. ರೋಮಾಪುರದ ಪತ್ರಿಕೆಯ ನಾಲ್ಕನೇ ಅಧ್ಯಾಯದಲ್ಲಿ ಪೌಲ ಕೂಲಿಗೂ ಕೃಪೆಗೂ ಇರುವ ವ್ಯತ್ಯಾಸ ಹೇಳುವುದನ್ನು ನೋಡಿದರೆ ಆ ಆಕ್ಷೇಪಕ್ಕೂ ತೂಕವಿದೆ.

ಇನ್ನು ಯಾಕೋಬ. ಎಲ್ಲರೂ ಅವನ ಪತ್ರಿಕೆಯ ಎರಡನೇ ಅಧ್ಯಾಯದ 24ನೇ ವಚನವನ್ನು ಎತ್ತಿ ಹೇಳುತ್ತಾರೆ. ಆ ಅಧ್ಯಾಯ ಶುರುವಾಗುವುದು ಎಲ್ಲಿಂದ ಎಂದು ನೋಡುವವರು ಕಡಿಮೆ. ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವ ಬಂದರೆ "ಅಲ್ಲೇ ನಿಂತಿರು, ಇಲ್ಲವೇ ನನ್ನ ಕಾಲ ಬಳಿ ಕೂತುಕೋ". ಇಲ್ಲೂ ಜಗಳ ಕೂರುವ ಜಾಗದ್ದೇ! ಆಮೇಲೆ, ಬಟ್ಟೆಯಿಲ್ಲದ, ಆ ದಿನದ ಊಟವಿಲ್ಲದ ಸಹೋದರನಿಗೆ ಏನೂ ಕೊಡದೆ "ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ" ಎಂದು ಕಳಿಸುವವನ ನಂಬಿಕೆ ಸತ್ತದ್ದು ಎನ್ನುತ್ತಾನೆ. ಅವನ ಬಾಯಲ್ಲಿ ಕ್ರಿಯೆ ಎಂದರೆ ಅನ್ನ, ಬಟ್ಟೆ. ಸುನ್ನತಿಯ ಮಾತನ್ನು ಅವನು ಎತ್ತುವುದೇ ಇಲ್ಲ. ಪೌಲನಿಗಾದರೂ ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆಯೇ ಬೇಕಾಗಿದ್ದದ್ದು (ಗಲಾತ್ಯ 5:6). ನನಗೆ ಇವರಿಬ್ಬರೂ ಒಂದೇ ಪಾಪವನ್ನು ಎರಡು ಬಾಗಿಲಿನಿಂದ ಹಿಡಿಯಲು ಹೊರಟವರಂತೆ ಕಾಣುತ್ತಾರೆ.

ಜಗಳ ಬೆಳೆದದ್ದು ಯುರೋಪಿನಲ್ಲಿ. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಲೂಥರ್, ರೋಮಾ 3:28ಕ್ಕೆ ಗ್ರೀಕ್ ಮೂಲದಲ್ಲಿಲ್ಲದ "ಮಾತ್ರ" ಎಂಬ ಪದ ಸೇರಿಸಿದರು; ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ (ಅಂದರೆ ತಿರುಳಿಲ್ಲದ್ದು) ಎಂದು ಕರೆದರು. ಅದು ತಪ್ಪು ತೀರ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಲೂಥರ್ ಆಜ್ಞೆಗಳನ್ನೇ ಬಿಟ್ಟುಬಿಟ್ಟರು ಎನ್ನುವವರು ಅವರ 1529ರ ಚಿಕ್ಕ ಕ್ಯಾಟೆಕಿಸಂ (ಪ್ರಶ್ನೋತ್ತರದ ಧರ್ಮಬೋಧೆಯ ಪುಸ್ತಕ) ತೆರೆದು ನೋಡಲಿ, ಅದು ಆರಂಭವಾಗುವುದೇ ಹತ್ತು ಆಜ್ಞೆಗಳಿಂದ. ಟ್ರೆಂಟ್ ಮಹಾಸಭೆ 1547ರಲ್ಲಿ ಕಥೋಲಿಕ ಉತ್ತರ ಕೊಟ್ಟಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದೇ ಹೇಳಿಕೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ಒಳ್ಳೆಯ ಕಾರ್ಯಗಳು ಅದರ ಫಲ. ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥಡಿಸ್ಟರು 2006ರಲ್ಲಿ ಸೇರಿಕೊಂಡರು. ಇದು ನನ್ನ ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಮ್ಮೂರಿನದೂ ಒಂದು ಮಾತಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಸಾರಿದ್ದು ನಂಬಿಕೆಯನ್ನೇ. ಆದರೆ ಸಭೆಗೆ ಸೇರಿದವರು ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡಾಗ ಅವರಿಗೆ ಬರೀ "ಸಮಾಧಾನದಿಂದ ಹೋಗು" ಎನ್ನಲಾಗಲಿಲ್ಲ. ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಎದ್ದದ್ದರ ಹಿಂದೆ ಆ ಹೊಣೆಯೂ ಇತ್ತು.

ಶನಿವಾರದ ವಿಷಯ. ಯೆಹೂದ್ಯರಲ್ಲದ ವಿಶ್ವಾಸಿಗಳಿಗೆ ಸುನ್ನತಿ ಬೇಡ ಎಂದು ಯೆರೂಸಲೇಮಿನ ಸಭೆ ತೀರ್ಮಾನಿಸಿದಾಗ (ಅಪೊಸ್ತಲರ ಕೃತ್ಯಗಳು 15) ನಾಲ್ಕನ್ನು ಬಿಡಲು ಹೇಳಿತು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಜಾರತ್ವ. ಆ ಪಟ್ಟಿಯಲ್ಲಿ ಸಬ್ಬತ್ ಇಲ್ಲ. ನಿಮ್ಮ ಸಹೋದ್ಯೋಗಿ ಅಡ್ವೆಂಟಿಸ್ಟ್ ಸಭೆಯವರಾದರೆ, ಆ ಸಭೆಯ ಬೋಧನೆಯೂ ರಕ್ಷಣೆ ಕೃಪೆಯಿಂದಲೇ ಎನ್ನುತ್ತದೆ. ಶನಿವಾರ ಪಾಲಿಸುವುದು ವಿಧೇಯತೆಗಾಗಿ. ದಿನವನ್ನು ವಿಶೇಷವಾಗಿ ಎಣಿಸುವವನೂ ಎಣಿಸದವನೂ ತಂತಮ್ಮ ಮನಸ್ಸಿನಲ್ಲಿ ದೃಢವಾಗಿರಲಿ, ತಿನ್ನುವವನು ತಿನ್ನದವನನ್ನು ಹೀನೈಸದಿರಲಿ, ತಿನ್ನದವನು ತಿನ್ನುವವನ ಮೇಲೆ ತೀರ್ಪು ಮಾಡದಿರಲಿ ಎಂದು ಪೌಲ ಬರೆದದ್ದು (ರೋಮಾ 14) ಇಂಥ ಸಂದರ್ಭಕ್ಕೇ. ಅವರನ್ನು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಿರಿ. ಅಡುಗೆಯಲ್ಲಿ ಅಡ್ವೆಂಟಿಸ್ಟರು ತಿನ್ನದ ಹಂದಿಮಾಂಸ ಮಾತ್ರ ಬೇಡ.