ಫಿಲ್ಟರ್ ಹತ್ತಿರ ಸೋರಿಕೆ: ಮೊದಲು ಹಳೆಯ ರಬ್ಬರ್ ರಿಂಗ್ ಹುಡುಕಿ

ನೀವೇ ಕಾರಿನ ಇಂಜಿನ್ ಆಯಿಲ್ ಬದಲಿಸಿದ ಮೇಲೆ ಡಬ್ಬಿ ಫಿಲ್ಟರ್ ಹತ್ತಿರ ಸೋರುತ್ತಿದೆ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲೂ ಮಟ್ಟ ಮೇಲಿನ ಗೆರೆ ದಾಟಿದೆ, ಹೀಗೇ ಓಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸ್ಟಾರ್ಟ್ ಕೂಡ ಮಾಡಬೇಡಿ.

ನನ್ನ ಮೊದಲ ಅನುಮಾನ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಮೇಲೆ. ಎಷ್ಟೋ ಸಲ ಅದು ಇಂಜಿನ್‌ಗೆ ಅಂಟಿಕೊಂಡು ಅಲ್ಲೇ ಉಳಿದುಬಿಡುತ್ತದೆ, ಗೊತ್ತಾಗದೆ ಅದರ ಮೇಲೇ ಹೊಸದನ್ನು ತಿರುಗಿಸುತ್ತೇವೆ. ಒಂದರ ಮೇಲೊಂದು ಕೂತ ರಿಂಗ್‌ಗಳು ಒತ್ತಡ ಏರಿದಾಗ ಜಾರಿಬಿಟ್ಟರೆ ಆಯಿಲ್ ಎಲ್ಲ ಬೇಗ ಖಾಲಿಯಾಗಿ ಇಂಜಿನ್ನೇ ಹಾಳಾಗಬಹುದು. ತಣ್ಣಗಾದ ಮೇಲೆ ಫಿಲ್ಟರ್ ಬಿಚ್ಚಿ, ಅದು ಕೂರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಹಳೆಯ ರಿಂಗ್ ಸಿಕ್ಕರೆ ತೆಗೆದು, ಚೆನ್ನಾಗಿ ಒರೆಸಿ, ಹೊಸ ರಿಂಗಿಗೆ ತುಸು ಆಯಿಲ್ ಹಚ್ಚಿ ಫಿಲ್ಟರನ್ನು ಕೈಯಲ್ಲೇ ಬಿಗಿ ಮಾಡಿ. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಫಿಲ್ಟರ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಸ್ಪ್ಯಾನರ್ ಹಾಕಿ ಜಾಸ್ತಿ ಬಿಗಿಯಬೇಡಿ.

ಇನ್ನು ಹೆಚ್ಚಾದ ಆಯಿಲ್. ಮಟ್ಟ ತುಂಬಾ ಮೇಲಿದ್ದರೆ ಇಂಜಿನ್ನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಆಯಿಲ್ ಆ ದಂಡವನ್ನು ಹೊರುವ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಡಿಪ್‌ಸ್ಟಿಕ್ ಕೊಳವೆಯೊಳಗೆ ಸಣ್ಣ ಪೈಪ್ ಇಳಿಸಿ ಕೈಪಂಪಿನಿಂದ ಎಳೆಯುವುದೇ ಸುಲಭ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುವುದಾದರೆ ವಾಷರ್ ಹೊಸದು ಹಾಕಿ. ಕಾರಿನಡಿ ಹೋಗುವಾಗ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಬೇಕೇ ಬೇಕು.

ಮಟ್ಟ ಎರಡು ಗೆರೆಗಳ ನಡುವೆ ಬಂದ ಮೇಲೆ ಒಂದು ನಿಮಿಷ ಇಂಜಿನ್ ಓಡಿಸಿ, ಆಯಿಲ್ ದೀಪ ಆರಿತಾ, ಕೆಳಗೆ ಹನಿ ಬೀಳುತ್ತಿದೆಯಾ ನೋಡಿ. ಆಮೇಲೆ ಆಫ್ ಮಾಡಿ, ಸಮತಟ್ಟಾದ ಜಾಗದಲ್ಲಿ 10 ನಿಮಿಷ ಬಿಟ್ಟು ಮತ್ತೆ ಅಳೆಯಿರಿ.