ಆಗುಂಬೆಯ ಹಾರೋ ಕಪ್ಪೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಫೋಟೋದಲ್ಲಿ ಹಸಿರು ಮೈ, ಕೆಂಪು ಪಾದದ ಹಾರೋ ಕಪ್ಪೆ ನೋಡಿದಾಗಿಂದ ಅದನ್ನ ತೋರಿಸಿ ಅಂತ ಹಠ ಹಿಡಿದಿದಾಳೆ. ಡಿಸೆಂಬರ್ ರಜೆಗೆ ಆಗುಂಬೆಗೆ ಹೋದ್ರೆ ಸಿಗುತ್ತಾ? ಮುಟ್ಟಿದ್ರೆ ವಿಷನಾ? ನಮ್ಮನೆಯವರಿಗೆ ಕಾಳಿಂಗ ಸರ್ಪದ್ದೇ ಭಯ.
(ಓದುಗರು, ದಾವಣಗೆರೆ)

ಉತ್ತರ: ಡಿಸೆಂಬರ್ ಬೇಡ. ಆಗ ಆಗುಂಬೆ ಚೆಂದವೇ, ಆದ್ರೆ ಈ ಕಪ್ಪೆ ಕಾಣೋದು ಕಷ್ಟ. ಜೂನಲ್ಲಿ ಮಳೆ ಹಿಡಿದ ಮೇಲೆ ಸೆಪ್ಟೆಂಬರ್‌ವರೆಗೆ ಅದು ಮರದಿಂದ ಕೆಳಗಿಳಿದು ನೀರಿನ ಹತ್ರ ಬರುತ್ತೆ, ಗಂಡು ಕೂಗುತ್ತೆ, ಹೆಣ್ಣು ಮೊಟ್ಟೆ ಇಡುತ್ತೆ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳೋ ಊರದು, ಒದ್ದೆ ಆಗೋಕೆ ರೆಡಿ ಇದ್ರೆ ಮಾತ್ರ ಹೊರಡಿ.

ಎಲ್ಲರೂ ದಟ್ಟ ಕಾಡೊಳಗೆ ಹುಡುಕ್ತಾರೆ, ಅಷ್ಟು ದೂರ ಹೋಗ್ಬೇಕಾಗಿಲ್ಲ. ತೋಟದ ಅಂಚಲ್ಲಿ ನೀರು ನಿಂತಿರೋ ಹೊಂಡ, ಅದರ ಮೇಲೆ ಬಾಗಿರೋ ಕೊಂಬೆ ಇದ್ರೆ ಸಾಕು. ಉಳ್ಕೊಳ್ಳೋ ಹೋಂಸ್ಟೇಯವರನ್ನೇ ಕೇಳಿ, ಕತ್ತಲಾದ ಮೇಲೆ ಅವರ ಜೊತೆನೇ ಹೋಗಿ. ಸುತ್ತಮುತ್ತ ಸೋಮೇಶ್ವರ ಅಭಯಾರಣ್ಯ ಇರೋದ್ರಿಂದ ಅರಣ್ಯ ಇಲಾಖೆ ಅನುಮತಿ ಇಲ್ದೆ ರಾತ್ರಿ ಕಾಡಿಗೆ ಕಾಲಿಡೋ ಹಾಗಿಲ್ಲ. ಹೊಂಡದ ಹತ್ರ ಹೋದ ಮೇಲೆ ಮೊದಲು ಟಾರ್ಚ್ ಆರಿಸಿ ಸುಮ್ನೆ ನಿಂತ್ಕೊಂಡು ಕಿವಿ ಕೊಡಿ, ಕೂಗು ಯಾವ ಕಡೆಯಿಂದ ಬರ್ತಿದೆ ಅಂತ ಗೊತ್ತಾದ ಮೇಲೆ ಬೆಳಕು ಬಿಡಿ. ಕೂತಿರೋ ಕಪ್ಪೆ ಬರೀ ಹಸಿರು ಎಲೆ ಥರ ಇರುತ್ತೆ, ಕಾಲು ಮಡಚ್ಕೊಂಡಿರೋದ್ರಿಂದ ಕೆಂಪೇ ಕಾಣಲ್ಲ. ಒಂದು ಹೆಜ್ಜೆ ಎತ್ತಿಟ್ಟಾಗ ಬೆರಳ ನಡುವಿನ ಪೊರೆ ಬಿಚ್ಚುತ್ತೆ ನೋಡಿ, ಕಿತ್ತಳೆ ಮಿಶ್ರಿತ ಕೆಂಪು, ಅದೇ ಪೊರೆ ಹರಡ್ಕೊಂಡು ಮರದಿಂದ ಮರಕ್ಕೆ ತೇಲೋದು.

ವಿಷದ ಬಗ್ಗೆ ಹೇಳೋದಾದ್ರೆ, ಬಾಣದ ತುದಿಗೆ ಹಚ್ತಿದ್ದ ವಿಷದ ಕಪ್ಪೆ ಇರೋದು ಕೊಲಂಬಿಯಾ ಕಡೆ. ನಮ್ಮ ಹಾರೋ ಕಪ್ಪೆ ಆ ಜಾತಿದಲ್ಲ. ಹಾಗಂತ ದಯವಿಟ್ಟು ಮುಟ್ಬೇಡಿ, ಯಾಕಂದ್ರೆ ತೊಂದ್ರೆ ಆಗೋದು ಕಪ್ಪೆಗೆ. ಅದು ಚರ್ಮದಿಂದಲೂ ಉಸಿರಾಡುತ್ತೆ, ನೀರೂ ಚರ್ಮದಿಂದಲೇ ಹೀರ್ಕೊಳ್ಳುತ್ತೆ. ಉಂಬಳಕ್ಕೆ (ಜಿಗಣೆಗೆ) ಅಂತ ಹಚ್ಕೊಂಡ ಸುಣ್ಣ, ಸೊಳ್ಳೆ ಕ್ರೀಮು ಎಲ್ಲಾ ನಮ್ಮ ಕೈಯಲ್ಲೇ ಇರುತ್ತಲ್ವಾ. ಅಂಗೈ ಮೇಲೆ ಕೂರಿಸ್ಕೊಂಡು ಫೋಟೋ ತೆಗೆಯೋದು ನೋಡಿದ್ರೆ ನಿಜವಾಗ್ಲೂ ಸಂಕಟ ಆಗುತ್ತೆ. ಮಗಳಿಗೆ ಇದೊಂದನ್ನ ಹೊರಡೋ ಮುಂಚೆನೇ ಹೇಳಿ. ಬೇರೆ ಕಾಡಿಗೆ ಹಾಕ್ಕೊಂಡು ಹೋಗಿದ್ದ ಬೂಟಿದ್ರೆ ತೊಳೆದು ಚೆನ್ನಾಗಿ ಒಣಗಿಸ್ಕೊಂಡು ಬನ್ನಿ, ಕಪ್ಪೆಗಳ ಶಿಲೀಂಧ್ರ ರೋಗ ಒದ್ದೆ ಮಣ್ಣಿನ ಜೊತೆನೂ ಹರಡುತ್ತೆ, ಮಧ್ಯ ಅಮೆರಿಕ, ಆಸ್ಟ್ರೇಲಿಯಾದಲ್ಲಿ ಎಷ್ಟೋ ಜಾತಿ ಅದರಿಂದಲೇ ಅಳಿದು ಹೋಗಿವೆ.

ಕಾಳಿಂಗ ತಾನಾಗೇ ಮನುಷ್ಯರಿಂದ ದೂರ ಹೋಗುತ್ತೆ. ಹುಷಾರಾಗಿರ್ಬೇಕಾಗಿರೋದು ಹಳ್ಳದ ಪಕ್ಕದ ಗಿಡದಲ್ಲಿ ಅಲ್ಲಾಡದೆ ಕೂತಿರೋ ವಿಷದ ಹಾವು ಪಿಟ್ ವೈಪರ್‌ಗೆ, ಅದೂ ಕಪ್ಪೆಗೇ ಕಾಯ್ತಿರುತ್ತೆ. ಗಂಬೂಟು ಹಾಕ್ಕೊಳ್ಳಿ, ನೋಡದೆ ಕೊಂಬೆ ಹಿಡ್ಕೊಬೇಡಿ.

ರಾತ್ರಿ ಬೇಡವೇ ಬೇಡ ಅಂದ್ರೆ ಮಳೆ ಇಳಿದ ಮೇಲೆ ಹಗಲಲ್ಲೇ ಮಲೆನಾಡಿನ ಹಳ್ಳಗಳಲ್ಲಿ ಕುಣಿಯೋ ಕಪ್ಪೆ ನೋಡ್ಬಹುದು. ನೀರಿನ ಸದ್ದಲ್ಲಿ ಕೂಗು ಕೇಳಲ್ಲ ಅಂತ ಗಂಡು ಹಿಂಗಾಲು ಚಾಚಿ ಬಾವುಟದ ಥರ ಬೀಸುತ್ತೆ. ಅದರಲ್ಲೊಂದು ಜಾತಿಗೆ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರೇ ಇದೆ, 1937ರಲ್ಲಿ ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಇಟ್ಟಿದ್ದು.

ಪ್ರಶ್ನೆ: ನಮ್ಮ ಅಡಿಕೆ ತೋಟದ ಹೊಂಡದ ಮೇಲಿನ ಕೊಂಬೇಲಿ ಮುಷ್ಟಿ ಗಾತ್ರದ ಬಿಳಿ ನೊರೆ ಅಂಟ್ಕೊಂಡಿದೆ. ಗಿಡಕ್ಕೆ ರೋಗ ಅಂತ ಆಳುಗಳು ಕಿತ್ತು ಹಾಕ್ತೀವಿ ಅಂತಿದಾರೆ.
(ಓದುಗರು, ತೀರ್ಥಹಳ್ಳಿ)

ಉತ್ತರ: ಕೀಳಿಸ್ಬೇಡಿ! ಅದು ರೋಗ ಅಲ್ಲ, ಮೇಲೆ ಹೇಳಿದ ಹಾರೋ ಕಪ್ಪೆದೋ ಅದರ ಬಳಗದ ಇನ್ನೊಂದು ಮರಗಪ್ಪೆದೋ ಗೂಡು. ಹೆಣ್ಣು ಹಿಂಗಾಲಲ್ಲಿ ಕಡೆದು ಕಡೆದು ಮಾಡಿರೋ ನೊರೆ, ಒಳಗೆ ಮೊಟ್ಟೆ ಇದಾವೆ. ಮೇಲೆ ಒಣಗಿ ಸಿಪ್ಪೆ ಕಟ್ಟಿದ್ರೂ ಒಳಗಡೆ ತೇವ ಇರುತ್ತೆ. ಕೆಲವು ದಿನಕ್ಕೆ ಮಳೆಗೆ ನೊರೆ ಕರಗಿ ಮರಿಗಳು ಟಪಟಪ ಅಂತ ಕೆಳಗಿನ ನೀರಿಗೆ ಬೀಳ್ತಾವೆ. ಕೊಂಬೆ ಕಡಿದಾಗಿದ್ರೆ ಅದನ್ನೇ ನೀರಿನ ಮೇಲೆ ಬರೋ ಹಾಗೆ ಕಟ್ಟಿಡಿ. ಇನ್ನೊಂದು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋ ಕಾಲವೂ ಇದೇ, ಅದರಲ್ಲಿರೋ ಮೈಲುತುತ್ತದ ತಾಮ್ರ ಗೊದಮೊಟ್ಟೆಗಳನ್ನ ಕೊಲ್ಲುತ್ತೆ, ಹಾಗಾಗಿ ಡ್ರಮ್ಮು, ಪಂಪು ಯಾವುದನ್ನೂ ಆ ಹೊಂಡದಲ್ಲಿ ತೊಳೆಸ್ಬೇಡಿ.