ಓದುಗರ ಪ್ರಶ್ನೆ, ಸಂಗೀತದ ಉತ್ತರ: ದಾವಣಗೆರೆಯಲ್ಲಿ ರಿದಮ್ ಅಂಡ್ ಬ್ಲೂಸ್

ಪ್ರಶ್ನೆ: ನಾವು ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಒಬ್ಬ ಗಿಟಾರ್, ಒಬ್ಬ ಬೇಸ್, ಒಬ್ಬ ಡ್ರಮ್ಸ್ ನುಡಿಸುತ್ತಾನೆ. ಹಾಡುವವನೇ ಹಾರ್ಮೋನಿಕಾ ಕಲಿಯುತ್ತಿದ್ದಾನೆ. 1950 ಮತ್ತು 60ರ ದಶಕಗಳ ರಿದಮ್ ಅಂಡ್ ಬ್ಲೂಸ್ ರಾಕ್ ನಮಗೆ ಬಹಳ ಇಷ್ಟ. ಗಣೇಶೋತ್ಸವದ ವೇದಿಕೆಯಲ್ಲಿ ನುಡಿಸಿದ ಮೇಲೆ ಹಿರಿಯರೊಬ್ಬರು, ಇದು ನಿಮ್ಮ ಊರಿನ ಸಂಗೀತವೂ ಅಲ್ಲ, ನಿಮ್ಮ ಕಾಲದ್ದೂ ಅಲ್ಲ ಎಂದರು. ಅವರ ಮಾತು ಸರಿಯೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳಿಂದ ಬೆಳೆದ ಈ ಸಂಗೀತ ಯಾವ ಒಂದು ಊರಿನಲ್ಲಿಯೂ ನೆಲೆ ನಿಂತದ್ದಲ್ಲ. ಬ್ಲೂಸ್ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಮಿಸಿಸಿಪ್ಪಿ ರಾಜ್ಯದ ಹತ್ತಿ ತೋಟವೊಂದರಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, 1941ರಲ್ಲಿ, ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅಲ್ಲಿಗೇ ಹೋಗಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. 1943ರಲ್ಲಿ ವಾಟರ್ಸ್ ಷಿಕಾಗೋ ಸೇರಿದರು. ಅಲ್ಲಿನ ಪಾನಗೃಹಗಳ ಗದ್ದಲದಲ್ಲಿ ಮರದ ಗಿಟಾರಿನ ದನಿ ಯಾರಿಗೂ ಕೇಳಿಸದಾದಾಗ ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂತು. ಅವರ ತಂಡದ ಲಿಟ್ಲ್ ವಾಲ್ಟರ್ ಹಾರ್ಮೋನಿಕಾವನ್ನೂ ಮೈಕನ್ನೂ ಒಂದೇ ಬೊಗಸೆಯಲ್ಲಿ ಹಿಡಿದು ಊದಿದರು. ಬೇಸ್ ಮತ್ತು ಡ್ರಮ್ಸ್ ಜೊತೆಗೂಡಿದವು. ಹೊಲದ ಹಾಡು ನಗರದ ವಾದ್ಯವೃಂದವಾದದ್ದು ಹೀಗೆ. ಸುತ್ತಲಿನ ಹಳ್ಳಿಗಳಿಂದ ಜನ ದುಡಿಮೆಯನ್ನು ಅರಸಿ ಹತ್ತಿ ಗಿರಣಿಗಳಿಗೆ ಬಂದು ನೆಲೆಸಿದ ದಾವಣಗೆರೆಯವರಿಗೆ ಈ ವಲಸೆಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಅದು ಸಮುದ್ರ ದಾಟಿತು. 1961ರಲ್ಲಿ ಲಂಡನ್ ಸಮೀಪದ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜಾಗರ್ ಕೈಯಲ್ಲಿದ್ದ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ಅವರ ಧ್ವನಿಮುದ್ರಿಕೆಗಳನ್ನು ಕಂಡು ಕೀತ್ ರಿಚರ್ಡ್ಸ್ ಮಾತಿಗೆ ನಿಂತರು. ಮರುವರ್ಷ ಅವರಿಬ್ಬರೂ ಇದ್ದ ರೋಲಿಂಗ್ ಸ್ಟೋನ್ಸ್ ರಾಕ್ ತಂಡ ಹುಟ್ಟಿತು. 1964ರಲ್ಲಿ ಅದೇ ಹುಡುಗರು ಷಿಕಾಗೋದ ಚೆಸ್ ಸ್ಟುಡಿಯೋವನ್ನು ಹುಡುಕಿಕೊಂಡು ಹೋಗಿ, ತಮ್ಮ ಗುರುಗಳು ಹಾಡಿದ್ದ ಜಾಗದಲ್ಲಿಯೇ ಧ್ವನಿಮುದ್ರಣ ಮಾಡಿದರು. 1971ರಲ್ಲಿ ಇಂಗ್ಲೆಂಡಿನ ಕ್ಯಾನ್ವಿ ಐಲೆಂಡಿನಲ್ಲಿ ಡಾಕ್ಟರ್ ಫೀಲ್‌ಗುಡ್ ತಂಡ ಈ ಸಂಗೀತವನ್ನು ಮತ್ತೆ ಎತ್ತಿಕೊಂಡಿತು. 2011ರಲ್ಲಿ ಐರ್ಲೆಂಡಿನ ಕ್ಯಾವನ್ ಎಂಬಲ್ಲಿ ಇನ್ನೂ ಹದಿಹರೆಯದಲ್ಲಿದ್ದ ನಾಲ್ವರು ದಿ ಸ್ಟ್ರೈಪ್ಸ್ ತಂಡ ಕಟ್ಟಿದರು. 2013ರಲ್ಲಿ ಅವರ ಮೊದಲ ಆಲ್ಬಂ ಬಂತು, 2018ರಲ್ಲಿ ತಂಡ ವಿಸರ್ಜನೆಯಾಯಿತು. ಆಗ ಕ್ಯಾವನ್ನಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು, ಅಂದರೆ ನಮ್ಮ ದಾವಣಗೆರೆಯ ಒಂದು ಮೂಲೆಗೂ ಸಾಲದಷ್ಟು. ಮಿಸಿಸಿಪ್ಪಿ ನಿಮಗೆ ದೂರವಾದಂತೆ ಅವರಿಗೂ ದೂರವೇ ಇತ್ತು.

ಆದರೆ ಆ ಹಿರಿಯರ ಮಾತಿನಲ್ಲಿ ನೀವು ಎತ್ತಿಕೊಳ್ಳಬೇಕಾದ ಒಂದು ಅಂಶವಿದೆ. ಈ ಹಾಡುಗಳನ್ನು ಕಟ್ಟಿದವರು ವರ್ಣಭೇದದ ಕಾನೂನುಗಳ ಅಡಿಯಲ್ಲಿ, ಗೇಣಿಯ ಸಾಲದಲ್ಲಿ ಬದುಕಿದ ಕಪ್ಪು ಜನ. ಅವರ ಹಾಡಿನಿಂದ ಇತರರು ಹಣವನ್ನೂ ಹೆಸರನ್ನೂ ಗಳಿಸಿದ್ದು ಬಹಳ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಮುಂತಾದವರಿಗೆ ಹಾಡು ಬರೆದುಕೊಟ್ಟ ವಿಲ್ಲಿ ಡಿಕ್ಸನ್, ತಮ್ಮ ಹಾಡಿನ ಸಾಲುಗಳು ಲೆಡ್ ಝೆಪ್ಪೆಲಿನ್ ತಂಡದ ಹಾಡೊಂದರಲ್ಲಿ ಸೇರಿವೆ ಎಂದು 1985ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 1987ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಆದ್ದರಿಂದ ವೇದಿಕೆಯ ಮೇಲೆ ಪ್ರತಿ ಹಾಡಿಗೂ ಮೊದಲು ಅದನ್ನು ಬರೆದವರು ಯಾರು, ಮೊದಲು ಹಾಡಿದವರು ಯಾರು ಎಂಬುದನ್ನು ಕನ್ನಡದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿರಿ. ಇಷ್ಟನ್ನು ಮಾಡುವ ತಂಡಕ್ಕೆ ಈ ಸಂಗೀತ ನಿನ್ನದಲ್ಲ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಪ್ರಶ್ನೆ: ನಮ್ಮ ತಂಡದಲ್ಲಿ ಗಿಟಾರ್ ಒಂದೇ. ಧ್ವನಿಮುದ್ರಿಕೆಯನ್ನು ಕೇಳಿ ಸೋಲೋಗಳನ್ನು (ಗಿಟಾರ್ ಒಂಟಿಯಾಗಿ ಮೆರೆಯುವ ಭಾಗಗಳನ್ನು) ಸ್ವರ ಸ್ವರವೂ ಕಲಿತಿದ್ದೇವೆ. ಆದರೂ ನುಡಿಸುವಾಗ ಆ ಕಳೆ ಬರುವುದಿಲ್ಲ. ಏನು ಕೊರತೆ?
– ನಿಟುವಳ್ಳಿ, ದಾವಣಗೆರೆ

ಉತ್ತರ: ಸೋಲೋದಿಂದ ಆರಂಭಿಸಿದ್ದೇ ಕೊರತೆ. ಈ ಸಂಗೀತದ ಜೀವ ಇರುವುದು ಹಾಡುವವನ ಹಿಂದೆ ನಿಂತ ಬೇಸ್ ಮತ್ತು ಡ್ರಮ್ಸ್‌ನಲ್ಲಿ. ಹನ್ನೆರಡು ಬಾರ್‌ಗಳ ಚೌಕಟ್ಟು, ಅಂದರೆ ನಾಲ್ಕು ನಾಲ್ಕು ಪೆಟ್ಟಿನ ಹನ್ನೆರಡು ಆವರ್ತಗಳು, ನಿಮಗೆ ಗೊತ್ತಿರುತ್ತದೆ: ಷಡ್ಜದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಾಲ್ಕು ಬಾರ್, ಮಧ್ಯಮದ್ದು ಎರಡು, ಮತ್ತೆ ಷಡ್ಜ ಎರಡು, ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಷಡ್ಜ ಎರಡು. ಇದನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಕಷ್ಟವಿರುವುದು ಷಫಲ್ ನಡೆಯಲ್ಲಿ. ಪ್ರತಿ ಪೆಟ್ಟನ್ನೂ ತಿಶ್ರಗತಿಯಲ್ಲಿ ಮೂರಾಗಿ ಒಡೆದು, ಮೊದಲನೆಯದನ್ನೂ ಮೂರನೆಯದನ್ನೂ ಮಾತ್ರ ನುಡಿಸಿ, ನಡುವಿನದನ್ನು ಮೌನವಾಗಿ ಬಿಡಬೇಕು. ಆ ಮೌನದ ಅಳತೆ ನಾಲ್ವರಲ್ಲಿಯೂ ಒಂದೇ ಆಗುವವರೆಗೆ ಕಳೆ ಬರಲಾರದು. ಹಾಗೆಂದು ಲಯ ಎಣಿಸುವ ಯಂತ್ರವಾದ ಮೆಟ್ರೊನೋಮ್‌ಗೆ ಪೂರ್ತಿ ಶರಣಾಗಬೇಡಿ. ಬೇಸ್ ಮತ್ತು ಡ್ರಮ್ಸ್ ನುಡಿಸುವ ಇಬ್ಬರೇ ಎದುರುಬದುರು ಕುಳಿತು, ಅತಿ ನಿಧಾನದ ಲಯದಲ್ಲಿ, ಬೇರೇನೂ ಇಲ್ಲದೆ ಈ ಹನ್ನೆರಡು ಬಾರ್‌ಗಳನ್ನು ಬಹಳ ಹೊತ್ತು ನುಡಿಸಲಿ; ಉಳಿದಿಬ್ಬರು ಸುಮ್ಮನೆ ಕೇಳಲಿ.

ಗಿಟಾರ್ ಒಂದೇ ಎಂದು ಕೊರಗಬೇಡಿ. ಡಾಕ್ಟರ್ ಫೀಲ್‌ಗುಡ್ ತಂಡದ ರಚನೆಯೂ ನಿಮ್ಮದರಂತೆಯೇ ಇತ್ತು: ಹಾಡುವವರೇ ಹಾರ್ಮೋನಿಕಾ ನುಡಿಸುತ್ತಿದ್ದರು, ಗಿಟಾರ್ ವಿಲ್ಕೋ ಜಾನ್ಸನ್ ಒಬ್ಬರದೇ. ಅವರು ತಂತಿ ಮೀಟುವ ಪಿಕ್ ಇಲ್ಲದೆ, ಬರಿಗೈ ಬೀಸಿನಲ್ಲಿ ಕಾರ್ಡಿನ ತುಂಡುಗಳನ್ನೂ ಮಧ್ಯೆ ಮಧ್ಯೆ ಬಿಡಿ ಸ್ವರಗಳನ್ನೂ ಒಟ್ಟಿಗೆ ನುಡಿಸಿ ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ನಿಮ್ಮ ಗಿಟಾರ್ ವಾದಕ ಆರು ತಿಂಗಳು ಅವರನ್ನೇ ಕೇಳಲಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಬ್ಲೂಸ್ ಕೇಳುವಾಗ ಧಾನಿ ರಾಗ ನೆನಪಾಗುತ್ತದೆ. ಇದು ನನ್ನ ಭ್ರಮೆಯೇ?
– ಚಿತ್ರದುರ್ಗ

ಉತ್ತರ: ಭ್ರಮೆಯಲ್ಲ, ನಿಮ್ಮ ಕಿವಿ ಚೆನ್ನಾಗಿದೆ. ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ ಎಂಬ ಐದು ಸ್ವರಗಳು ಎರಡರಲ್ಲಿಯೂ ಇವೆ. ಕರ್ನಾಟಕ ಸಂಗೀತದಲ್ಲಿ ಶುದ್ಧ ಧನ್ಯಾಸಿಯ ಸ್ವರಗಳೂ ಇವೇ. ಆದರೆ ಬ್ಲೂಸ್ ಗಾಯಕ ಕೋಮಲ ಮತ್ತು ಶುದ್ಧ ಗಾಂಧಾರಗಳ ನಡುವೆ ಎಲ್ಲಿಯೋ ನಿಲ್ಲುತ್ತಾನೆ, ತೀವ್ರ ಮಧ್ಯಮವನ್ನು ಸವರಿ ಹೋಗುತ್ತಾನೆ, ಮತ್ತು ಅವನ ಕೆಳಗೆ ಕಾರ್ಡ್‌ಗಳು ಬದಲಾಗುತ್ತಲೇ ಇರುತ್ತವೆ. ಆ ಬದಲಾವಣೆಯೇ ರಾಗಕ್ಕೂ ಇದಕ್ಕೂ ಇರುವ ದೊಡ್ಡ ಅಂತರ. ಸ್ವರದಿಂದ ಸ್ವರಕ್ಕೆ ಜಾರುವ ನಿಮ್ಮ ಮೀಂಡ್ ಅಭ್ಯಾಸ ಬ್ಲೂಸ್ ಹಾಡಲು ಖಂಡಿತ ನೆರವಾಗುತ್ತದೆ. ವೇಗದ ಸ್ವರಸರಣಿಗಳಾದ ತಾನ್‌ಗಳನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿ.

ಪ್ರಶ್ನೆ: ಈ ಸಂಗೀತಕ್ಕೆ ಕನ್ನಡದಲ್ಲಿ ಸಾಹಿತ್ಯ ಬರೆಯಬಹುದೇ? ಬರೆದರೆ ಕೃತಕವಾಗಿ ಕೇಳಿಸುವುದಿಲ್ಲವೇ?
– ಹರಿಹರ

ಉತ್ತರ: ಬರೆಯಬಹುದು, ಬರೆಯಲೇಬೇಕು. ಈ ಹಳೆಯ ಸಂಗೀತದ ಪುನರುಜ್ಜೀವನದ ಕೆಲಸ ಇಂಗ್ಲಿಷ್ ಹಾಡುಗಳನ್ನು ಚೆನ್ನಾಗಿ ಒಪ್ಪಿಸುವಲ್ಲಿಗೆ ನಿಂತರೆ ಅರ್ಧವಷ್ಟೇ ಆದಂತೆ ಎಂದು ನಾನು ನಂಬುತ್ತೇನೆ.

ಬ್ಲೂಸ್‌ನ ಪ್ರಚಲಿತ ಪದ್ಯಕ್ಕೆ ಮೂರು ಸಾಲುಗಳು. ಮೊದಲನೆಯದನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯದರಲ್ಲಿ ಮಾತನ್ನು ಮುಗಿಸುತ್ತಾರೆ. ಕನ್ನಡದ ಜನಪದ ತ್ರಿಪದಿಗೂ ಮೂರೇ ಸಾಲು. ಹಾಡುವಾಗ ಎರಡನೆಯದನ್ನು ಪುನರಾವರ್ತಿಸಿ ನಾಲ್ಕಾಗಿಸುತ್ತಾರೆ. ನಮ್ಮ ಬೀಸುವ ಪದಗಳು ದುಡಿಮೆಯ ನಡುವೆ, ದುಡಿಮೆಯ ಲಯಕ್ಕೆ ಹುಟ್ಟಿದವು. ಬ್ಲೂಸ್‌ನ ಬೇರುಗಳಲ್ಲಿಯೂ ಹೊಲದ ಕೂಗುಗಳು ಮತ್ತು ಕೂಲಿಯ ಹಾಡುಗಳಿವೆ. ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವ ಸೋಬಾನೆಯ ಕ್ರಮವನ್ನು ಕೇಳಿ ಬೆಳೆದವರಿಗೆ, ಹಾಡುಗಾರನಿಗೆ ಹಾರ್ಮೋನಿಕಾ ಉತ್ತರ ಕೊಡುವ ಕ್ರಮ ಹೊಸದೆನಿಸಲಾರದು. ಒಂದು ಇನ್ನೊಂದರಿಂದ ಬಂತು ಎಂದು ನಾನು ಹೇಳುತ್ತಿಲ್ಲ. ದುಡಿಯುವ ಜನ ಎರಡು ಕಡೆಯೂ ಮೂರು ಸಾಲುಗಳಲ್ಲಿ ತಮ್ಮ ಅಳಲನ್ನು ಹಿಡಿದಿಟ್ಟರು ಎಂಬುದು ನಿಮಗೆ ಧೈರ್ಯ ಕೊಡಬೇಕು.

ಇನ್ನು ಕಸುಬಿನ ಮಾತು. ಪ್ರತಿ ಸಾಲಿಗೂ ನಾಲ್ಕು ಬಾರ್ ಸಿಗುತ್ತದೆ; ಅದರಲ್ಲಿ ಸುಮಾರು ಎರಡು ಬಾರ್ ಹಾಡುಗಾರನದು, ಉಳಿದದ್ದು ವಾದ್ಯದ ಉತ್ತರಕ್ಕೆ. ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ, ನಾಲ್ಕೂ ಬಾರ್‌ಗಳನ್ನು ಮಾತಿನಿಂದ ತುಂಬಿಬಿಡುತ್ತಾರೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಕೊನೆಗೊಳ್ಳುವುದರಿಂದ ಸಾಲಿನ ತುದಿಯನ್ನು ಎಳೆದು ಹಾಡಲು ಅನುಕೂಲವಿದೆ. ಆದರೆ ಗ್ರಂಥಸ್ಥ ಕ್ರಿಯಾಪದಗಳ ಉದ್ದನೆಯ ಬಾಲ ಷಫಲ್ ನಡೆಯನ್ನು ಕೊಲ್ಲುತ್ತದೆ. ಆದ್ದರಿಂದ ಆಡುಮಾತನ್ನೇ ಬಳಸಿರಿ. ಪ್ರಾಸ ಸಾಲಿನ ಕೊನೆಯಲ್ಲಿರಲಿ, ಆದಿಪ್ರಾಸ ತಾನಾಗಿ ಒದಗಿದರೆ ಅದೂ ಇರಲಿ. ವಿಷಯಕ್ಕಾಗಿ ಮಿಸಿಸಿಪ್ಪಿಗೆ ಹೋಗಬೇಡಿ. ಮಾದರಿಗಾಗಿ ನಾನೇ ಮೂರು ಸಾಲು ಬರೆದಿದ್ದೇನೆ. ಉಚಿತವೆನಿಸಿದರೆ ಬಳಸಿ, ಇನ್ನೂ ಚೆನ್ನಾಗಿ ಬರೆಯಿರಿ:

ಗಿರಣಿ ಬಾಗಿಲು ಮುಚ್ಚಿದ ರಾತ್ರಿ ಅಪ್ಪ ಉಣ್ಣದೆ ಎದ್ದ,
ಗಿರಣಿ ಬಾಗಿಲು ಮುಚ್ಚಿದ ರಾತ್ರಿ ಅಪ್ಪ ಉಣ್ಣದೆ ಎದ್ದ,
ಸೈರನ್ ಕೂಗದ ಮುಂಜಾನೆಯಲ್ಲೂ ಚಪ್ಪಲಿ ಮೆಟ್ಟಿ ನಿಂತಿದ್ದ.

ಪ್ರಶ್ನೆ: ಬೆಂಗಳೂರು, ಮುಂಬೈಗಳಂಥ ಮಹಾನಗರಗಳಿಂದ ಹೊರಗಿನ ತಂಡಕ್ಕೆ ಬ್ಲೂಸ್‌ನಲ್ಲಿ ಭವಿಷ್ಯವಿದೆಯೇ?
– ದಾವಣಗೆರೆ

ಉತ್ತರ: ಷಿಲ್ಲಾಂಗಿನ ಸೋಲ್‌ಮೇಟ್ ತಂಡವನ್ನು ನೋಡಿರಿ. 2003ರಲ್ಲಿ ರೂಡಿ ವಾಲಾಂಗ್ ಮತ್ತು ಟಿಪ್ರಿಟಿ ಖರ್ಬಂಗಾರ್ ಕಟ್ಟಿದ ಆ ತಂಡ 2007ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ನಡೆಯುವ ಅಂತರರಾಷ್ಟ್ರೀಯ ಬ್ಲೂಸ್ ಸ್ಪರ್ಧೆಗೆ ಹೋಗಿ ಬಂತು. ಹೊಟ್ಟೆಪಾಡಿಗೆ ಇದೊಂದನ್ನೇ ನಂಬಿ ಓದನ್ನು ಬಿಡಿ ಎಂದು ಮಾತ್ರ ನಾನು ಯಾರಿಗೂ ಹೇಳಲಾರೆ.

ಪ್ರಶ್ನೆ: ಅಭ್ಯಾಸದಿಂದ ನೆರೆಹೊರೆಯವರಿಗೆ ತೊಂದರೆಯಾಗುತ್ತಿದೆ. ಏನು ಮಾಡಬೇಕು?
– ಚಳ್ಳಕೆರೆ

ಉತ್ತರ: ಸಣ್ಣ ಆಂಪ್ಲಿಫೈಯರ್ ಬಳಸಿರಿ, ಡ್ರಮ್ಸ್ ಮೇಲೆ ದಪ್ಪ ಬಟ್ಟೆ ಹೊದಿಸಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ; ಮನೆಯೊಳಗೂ ಆ ಹೊತ್ತಿನಲ್ಲಿ ನಿಲ್ಲಿಸುವುದೇ ಸಭ್ಯತೆ.

ಪ್ರಶ್ನೆ: ಯಾವ ಹಾರ್ಮೋನಿಕಾ ಕೊಳ್ಳಬೇಕು? ನನ್ನಲ್ಲಿರುವುದರಲ್ಲಿ ಆ ಅಳುವ ದನಿ ಬರುತ್ತಿಲ್ಲ.
– ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮಲ್ಲಿರುವುದು ಎರಡು ಸಾಲು ರಂಧ್ರಗಳ ಟ್ರೆಮೊಲೊ ಇರಬೇಕು, ಹಳೆಯ ಚಿತ್ರಗೀತೆಗಳಿಗೆ ಅದು ಸೊಗಸು, ಬ್ಲೂಸ್‌ಗೆ ಒಗ್ಗದು. ಹತ್ತು ರಂಧ್ರಗಳ ಡಯಾಟೋನಿಕ್ ಕೊಳ್ಳಿರಿ. ಹಾಡಿನ ಶ್ರುತಿಯದನ್ನೇ ಕೊಳ್ಳದೆ, ಅದಕ್ಕಿಂತ ನಾಲ್ಕನೆಯ ಸ್ವರದ್ದನ್ನು ತೆಗೆದುಕೊಳ್ಳಬೇಕು: ತಂಡ ‘ಜಿ’ಯಲ್ಲಿ ನುಡಿಸಿದರೆ ‘ಸಿ’ ಹಾರ್ಮೋನಿಕಾ, ‘ಇ’ಯಲ್ಲಿ ನುಡಿಸಿದರೆ ‘ಎ’. ಆಗ ಮುಖ್ಯ ಸ್ವರಗಳು ಉಸಿರು ಹೀರುವ ಕಡೆ ಬರುತ್ತವೆ, ಮತ್ತು ಬಗ್ಗಿಸಲು (ಕೆಳಕ್ಕೆ ಜಾರಿಸಲು) ಅನುಕೂಲವಾದ ಸ್ವರಗಳು ಇರುವುದು ಅಲ್ಲಿಯೇ. ಮೊದಲು ಎರಡನೆಯ ರಂಧ್ರವನ್ನು ಹೀರಿ ಷಡ್ಜವನ್ನು ಶುದ್ಧವಾಗಿ ನಿಲ್ಲಿಸಿರಿ. ಬಳಿಕ ಮೂರನೆಯದನ್ನು ಹೀರುತ್ತಾ, ‘ಈ’ ಎನ್ನುವಂತಿದ್ದ ನಾಲಿಗೆಯನ್ನು ‘ಊ’ ಎನ್ನುವ ಕಡೆಗೆ ಹಿಂದಕ್ಕೆಳೆದುಕೊಂಡರೆ ಶುದ್ಧ ಗಾಂಧಾರ ಜಾರಿ ಕೋಮಲವಾಗುತ್ತದೆ. ಚಿತ್ರದುರ್ಗದ ಓದುಗರಿಗೆ ಮೇಲೆ ಹೇಳಿದ, ಎರಡು ಗಾಂಧಾರಗಳ ನಡುವಿನ ಜಾಗ ನಿಮಗೆ ಸಿಗುವುದು ಈ ಮೂರನೆಯ ರಂಧ್ರದಲ್ಲಿ. ಮೊದಲ ಕೆಲವು ವಾರ ಬೇರೆ ಏನನ್ನೂ ನುಡಿಸದೆ ಇದೊಂದನ್ನೇ ಸಾಧಿಸಿರಿ.